ಅಳಿವೆಯ ಚೊಣಕ ಮತ್ತು ತುಂಡಾಗುವ ದಾರ

ಪ್ರಶ್ನೆ: ನಾವು ಐದು ಜನ ಹಳೇ ಗೆಳೆಯರು ಕಾಳಿ ಅಳಿವೆಯಲ್ಲಿ ಗಾಳದ ಸ್ಪರ್ಧೆ ಇಟ್ಟುಕೊಳ್ಳುತ್ತೇವೆ. ಚೊಣಕ (ಏಷ್ಯನ್ ಸೀಬಾಸ್ ಮೀನು) ಕಚ್ಚಿದರೂ ದಾರ ತುಂಡಾಗುತ್ತದೆ. ಏಕೆ? ಗೆದ್ದವರನ್ನು ತೂಕದಿಂದ ನಿರ್ಧರಿಸಬಹುದೇ?
– ಓದುಗರೊಬ್ಬರು, ಸದಾಶಿವಗಡ

ಉತ್ತರ: ಮೊದಲು ತುಂಡಾದ ತುದಿ ನೋಡಿ. ಒರಟಾಗಿ ಸವೆದಿದ್ದರೆ ಬಂಡೆ ಅಥವಾ ಸೇತುವೆ ಕಂಬದ ಚಿಪ್ಪು ತಾಗಿದೆ. ನೇರವಾಗಿ ಕತ್ತರಿಸಿದಂತಿದ್ದರೆ ಚೊಣಕದ ಕಿವಿರು ಮುಚ್ಚಳವೇ ಕಾರಣವಿರಬಹುದು; ಅದರ ಅಂಚು ಬ್ಲೇಡಿನಷ್ಟು ಹರಿತ. ಸುರುಳಿ ಸುತ್ತಿದಂತೆ ಮುದುಡಿದ್ದರೆ ಗಂಟು ಜಾರಿದೆ.

30 ಪೌಂಡ್ ಎಳೆತ ತಾಳುವ ಹೆಣೆದ ದಾರದ ತುದಿಗೆ 50 ಪೌಂಡಿನ ದಪ್ಪ ತಂಗೂಸಿಯನ್ನು (ನೈಲಾನ್ ದಾರ) ಒಂದು ಮೀಟರಿನಷ್ಟು ಜೋಡಿಸಿ. ಗಂಟು ಬಿಗಿಯುವ ಮುನ್ನ ಒದ್ದೆ ಮಾಡಲೇಬೇಕು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ತಂಗೂಸಿ ಸೋಲುತ್ತದೆ. ರೀಲಿನ ಡ್ರ್ಯಾಗ್ (ಮೀನು ದಾರ ಎಳೆಯುವಾಗ ರೀಲು ಒಡ್ಡುವ ತಡೆ) 3ರಿಂದ 4 ಕಿಲೋ ಸಾಕು. ದಾರವನ್ನು ತಕ್ಕಡಿ ಕೊಕ್ಕೆಗೆ ಕಟ್ಟಿ ಎಳೆದು ನೋಡಿ. ಮೀನು ನೀರಿನಿಂದ ಹಾರಿದಾಗ ಕೋಲಿನ ತುದಿ ತಗ್ಗಿಸಿ. ಜೀವಂತ ಸಿಗಡಿಯನ್ನು ತಲೆಯ ಮುಳ್ಳಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆ ತಪ್ಪಿಸಿ ಗಾಳಕ್ಕೆ ಪೋಣಿಸಿ, ಆ ಚುಕ್ಕೆಗೆ ಚುಚ್ಚಿದರೆ ಸಿಗಡಿ ಸಾಯುತ್ತದೆ. ಭರತ (ಸಮುದ್ರದ ಉಬ್ಬರ) ತಿರುಗುವ ಹೊತ್ತು ಒಳ್ಳೆಯದು.

ತೂಕ ಬೇಡ, ದಯವಿಟ್ಟು. ಚೊಣಕ ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು. ದೊಡ್ಡದೆಲ್ಲ ಹೆಚ್ಚಾಗಿ ಮೊಟ್ಟೆಯಿಡುವವೇ. ಒದ್ದೆ ಹಲಗೆಯ ಮೇಲೆ ಮೂತಿಯಿಂದ ಬಾಲದವರೆಗೆ ಅಳೆದು, ಫೋಟೋ ತೆಗೆದು, ನೀರಿಗೆ ಬಿಡಿ.