ಬೂಟಿಗೆ ಮಣ್ಣು ಹತ್ತಲಿ ಬಿಡಿ

ಹೊನ್ನಾವರದಿಂದ ತಂದೆಯೊಬ್ಬರು ಬರೆದಿದ್ದಾರೆ. ಮಗ ಸಿವಿಲ್ ಬಿಇ ಮುಗಿಸಿದ್ದಾನೆ. ಬೆಂಗಳೂರಿನಲ್ಲಿ ಸೈಟ್ ಎಂಜಿನಿಯರ್ ಕೆಲಸ ಸಿಕ್ಕಿದೆ. ಸಂಬಳ ಕಡಿಮೆ, ಬಿಸಿಲು ಜಾಸ್ತಿ. "ಬಿಡಿಸಿ, ಸಾಲ ಮಾಡಿಯಾದರೂ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದಿಸಿದರೆ ಆಫೀಸಿನಲ್ಲೇ ಕೂರಬಹುದಂತೆ. ಅದರಲ್ಲಿ ಭವಿಷ್ಯ ಇದೆಯೇ?" ಎಂದು ಕೇಳಿದ್ದಾರೆ.

ಸ್ವಾಮಿ, ಕೋರ್ಸು ಕೆಟ್ಟದ್ದಲ್ಲ. ಪುಣೆಯ ನಿಕ್ಮಾರ್‌ನಂಥ ಕಡೆ ಪ್ಲಾನಿಂಗು, ಕರಾರು, ಖರ್ಚಿನ ಲೆಕ್ಕ ಎಲ್ಲ ಕಲಿಸುತ್ತಾರೆ. ಕೆಲಸವೂ ಸಿಗುತ್ತದೆ. ಸರಿ. ಆದರೆ 'ಆಫೀಸಿನಲ್ಲೇ ಕೂರಬಹುದಂತೆ' ಅನ್ನೋ ಮಾತನ್ನು ಹೊನ್ನಾವರದವರು ಬರೆಯುವುದೇ?

ನಿಮ್ಮೂರ ಶರಾವತಿಯ ಮೇಲೆ 2 ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಇದೆಯಲ್ಲ, ಅದನ್ನು ಒಮ್ಮೆ ನೋಡಿ ಬನ್ನಿ. ಇ. ಶ್ರೀಧರನ್ ಮುಂದೆ ನಿಂತು ಮಾಡಿಸಿದ ಕೊಂಕಣ ರೈಲ್ವೆ ಅದು. 1990ರಲ್ಲಿ ಶುರುವಾದ ಕೆಲಸ, ಪೂರ್ತಿ ದಾರಿ ತೆರೆದಿದ್ದು 1998ರ ಜನವರಿಯಲ್ಲಿ. ಸುರಂಗಗಳೇ 90ಕ್ಕಿಂತ ಜಾಸ್ತಿ. ಗೋವೆಯ ಪೆರ್ನೆಮ್‌ನಲ್ಲಿ ಕೊರೆದಷ್ಟೂ ಮೆತ್ತನೆ ಮಣ್ಣು ಕುಸಿಯುತ್ತಿತ್ತು. ಹಾಕಿಟ್ಟ ತಾರೀಕೆಲ್ಲ ತಲೆಕೆಳಗು. ಅಂಥ ಜಾಗದಲ್ಲಿ ಪ್ಲಾನಿಂಗ್ ಮಾಡುವವನು ಮಣ್ಣು ಮುಟ್ಟಿ ನೋಡಿರಬೇಕು, ಅಲ್ವಾ?

ನಮ್ಮ ಮನೆಗೆ ಮೋಲ್ಡ್ ಹಾಕಿದ ದಿನ ನೆನಪಾಗುತ್ತದೆ. ಎಂಜಿನಿಯರ್ ಹುಡುಗ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಮಿಕ್ಸರ್ ಆಗಲೇ ತಿರುಗುತ್ತಿತ್ತು. ಯಾದಗಿರಿ ಕಡೆಯ ಕಂಬಿ ಕಟ್ಟುವವನೊಬ್ಬ ಮೇಲಿನಿಂದ ಕೂಗಿದ: "ಸಾಹೇಬ್ರ, ಕಂಬಿ ಕೆಳಗ ಕವರ್ ಬ್ಲಾಕ್ ಇಟ್ಟಿಲ್ರಿ!" ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಆ ಸಣ್ಣ ಬಿಲ್ಲೆಗಳಿಲ್ಲದೆ ಹಾಗೇ ಕಾಂಕ್ರೀಟು ಸುರಿದಿದ್ದರೆ ಕಂಬಿ ತಳಕ್ಕೆ ಅಂಟಿಕೊಂಡು, ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿದು ಛಾವಣಿ ಉದುರುತ್ತಿತ್ತು. ಹುಡುಗನ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಟಿಕ್ ಬಿದ್ದಾಗಿತ್ತು!

ತಪ್ಪು ಅವನೊಬ್ಬನದಲ್ಲ ಬಿಡಿ. ಹೆಣ್ಣು ಕೊಡುವವರು ಕೂಡ "ಸೈಟಾ, ಆಫೀಸಾ?" ಅಂತಲೇ ಕೇಳುವ ಕಾಲ ಇದು. ಹೊಸ ಎಂಜಿನಿಯರಿಗೆ ಕಂಪನಿಗಳು ಕೊಡುವ ಸಂಬಳವೂ ನಾಚಿಕೆಗೇಡು, ನಿಮ್ಮ ಆ ದೂರು ನ್ಯಾಯವೇ. ಸೆಪ್ಟೆಂಬರ್ 15 ಬಂದರೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ ಭಾಷಣ ಮಾಡುತ್ತೇವೆ. ಕನ್ನಂಬಾಡಿ ಕಟ್ಟೆ ಫ್ಯಾನಿನ ಕೆಳಗೆ ಕೂತೇ ಎದ್ದಿತು ಅಂದುಕೊಂಡಿದ್ದೇವೇನೋ. ಬಿಸಿಲಲ್ಲಿ ನಿಂತು ದುಡಿಯುವವರೆಂದರೆ ನಮಗೆ ಅಷ್ಟು ಸಸಾರ. ಗೃಹಪ್ರವೇಶದ ಊಟಕ್ಕೆ ಗಾರೆಯವರನ್ನು ಕೊನೇ ಪಂಕ್ತಿಗೆ ಕೂರಿಸುವ ಜನ ನಾವು.

ಹುಡುಗ ಎರಡು ವರ್ಷ ಸೈಟಿನಲ್ಲಿರಲಿ. ಕೋರ್ಸು ಆಮೇಲೂ ಸಿಗುತ್ತದೆ, ಆಗ ಸಾಲ ಮಾಡಿದರೂ ದಂಡವಲ್ಲ. ಸದ್ಯಕ್ಕೆ ಚಪ್ಪಲಿಯಲ್ಲಿ ಸೆಂಟ್ರಿಂಗ್ ಹತ್ತಬೇಡ ಅನ್ನಿ. ಕಾಲಿನ ಅಳತೆ ಬರೆದು ಕಳಿಸಿ, ಬೂಟು ನಾನೇ ಕೊಡಿಸುತ್ತೇನೆ.