ನಾಲ್ಕು ಮೂಲೆಯಲ್ಲಿ ಒಣ ಮೂಲೆ ಯಾವುದು?

ಪ್ರಶ್ನೆ: ಕಾರವಾರದಲ್ಲಿ ನಮ್ಮದು ಚಿರೆಕಲ್ಲಿನ ಮನೆ. ಮಲಗುವ ಕೋಣೆ ಪೂರ್ವ–ಪಶ್ಚಿಮ 10 ಅಡಿ, ಉತ್ತರ–ದಕ್ಷಿಣ 9 ಅಡಿ. ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳು ಹೊರಗಿನವು. ಕಿಟಕಿ ಪಶ್ಚಿಮಕ್ಕಿದೆ. ಪೂರ್ವಕ್ಕೆ ಹಾಲ್, ಉತ್ತರಕ್ಕೆ ಅಡುಗೆಮನೆ. ಬಾಗಿಲು ಹಾಲ್ ಗೋಡೆಯ ದಕ್ಷಿಣ ತುದಿಯಲ್ಲಿದೆ. ವಾಸ್ತು ಪ್ರಕಾರ ಭಾರ ನೈಋತ್ಯದಲ್ಲಿರಲಿ ಅಂತ ಕಪಾಟನ್ನು ಆ ಮೂಲೆಗೆ ಒತ್ತಿ ಇಟ್ಟಿದ್ದೇವೆ. ಪ್ರತಿ ಮಳೆಗಾಲಕ್ಕೂ ಬಟ್ಟೆಗೆ ಬೂಷ್ಟು ಬರುತ್ತದೆ. ಮಂಚ ಕೋಣೆಯ ನಡುವೆ ಇದೆ. ಉಳಿದ ಮೂಲೆಗಳಲ್ಲಿ ಬರೀ ಸಾಮಾನಿನ ರಾಶಿ. ಏನು ಮಾಡಲಿ?

ಉತ್ತರ: ನಿಮ್ಮ ಕೋಣೆ ಚಿಕ್ಕದು ಹೌದು, ಆದರೆ ತೊಂದರೆ ಅದರಿಂದ ಆಗಿದ್ದಲ್ಲ. ಕೋಣೆಯ ಅತಿ ಒದ್ದೆ ಮೂಲೆಯಲ್ಲೇ ಬಟ್ಟೆ ಇಟ್ಟಿದ್ದೀರಿ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ, ಅದೂ ನೈಋತ್ಯದ ಗಾಳಿಯ ಜೊತೆಗೇ ಬರುತ್ತದೆ. ಎರಡು ಹೊರಗೋಡೆ ಸೇರುವ ಮೂಲೆಗೆ ಎರಡೂ ಕಡೆಯಿಂದ ಹೊಡೆತ. ಚಿರೆಕಲ್ಲು ನೀರು ಹೀರುತ್ತದೆ. ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಅದರ ಮೇಲೆ ಕಪಾಟು ಒತ್ತಿಟ್ಟರೆ ಬೂಷ್ಟಿಗೆ ಬೇಕಾದದ್ದೆಲ್ಲ ಸಿಕ್ಕಿತು.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. ಅಮ್ಮನ ಕಪಾಟನ್ನು ಒಂದು ಆಗಸ್ಟ್‌ನಲ್ಲಿ ಮುಂದೆ ಎಳೆದಾಗ ಹಿಂದಿನ ಪ್ಲೈವುಡ್ ನೆನೆದ ಹಪ್ಪಳದ ಹಾಗೆ ಕೈಗೇ ಬಂತು. ಒಳಗೆ ಅವರ ಮದುವೆ ಸೀರೆ. ಮಡಿಕೆಯ ಗೆರೆಯುದ್ದಕ್ಕೂ ಬೂದು ಚುಕ್ಕಿ, ಜರಿ ಕಪ್ಪಾಗಿತ್ತು. ಆಕೆ ಏನೂ ಹೇಳಲಿಲ್ಲ. ಸೀರೆಯನ್ನು ಅಂಗಳದ ಬಿಸಿಲಿಗೆ ಹಿಡಿದು ಸುಮ್ನೆ ನಿಂತಿದ್ದರು. ಅಂದಿನಿಂದ ಯಾರ ಮನೆಗೆ ಹೋದರೂ ನಾನು ಮೊದಲು ಮುಟ್ಟಿ ನೋಡುವುದು ಮೂಲೆಯನ್ನು.

ನೀವೂ ಒಂದು ಪರೀಕ್ಷೆ ಮಾಡಿ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಎರಡು ದಿನ ಬಿಡಿ. ಹಾಳೆಯ ಒಳಬದಿಗೆ, ಅಂದರೆ ಗೋಡೆಯ ಕಡೆಗೆ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ಆಗ ಹೊರಗಿನ ಬಿರುಕು, ಸೂರಿನ ನೀರು ಬೀಳುವ ಜಾಗ ಸರಿಮಾಡದೆ ಒಳಗೆ ಎಷ್ಟು ಬಣ್ಣ ಬಳಿದರೂ ದುಡ್ಡು ದಂಡ. ಹನಿ ಕೋಣೆಯ ಕಡೆಗೇ ಇದ್ದರೆ ಅದು ಗಾಳಿಯ ತೇವ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಕೋಣೆಯೊಳಗೇ ಒಣಗಲು ಹಾಕುತ್ತೇವಲ್ವಾ, ಮೊದಲು ಅದನ್ನು ನಿಲ್ಲಿಸಿ.

ಇನ್ನು ವಾಸ್ತು. ನಂಬಿಕೆ ಬಿಡಿ ಅಂತ ನಾನು ಹೇಳುವುದಿಲ್ಲ, ಅದರ ಅಗತ್ಯವೂ ಇಲ್ಲ. ನೈಋತ್ಯದಲ್ಲಿ ಭಾರ ಬೇಕು ತಾನೇ? ಮಂಚವನ್ನೇ ಅಲ್ಲಿಗೆ ತನ್ನಿ. ಇಬ್ಬರು ಮಲಗಿದ ಮಂಚಕ್ಕಿಂತ ಭಾರದ್ದು ಆ ಕೋಣೆಯಲ್ಲಿ ಬೇರೇನಿದೆ? ತಲೆ ದಕ್ಷಿಣಕ್ಕೆ ಇರಲಿ. 5 ಅಡಿ ಅಗಲದ ಮಂಚವನ್ನು ಪಶ್ಚಿಮ ಗೋಡೆಯಿಂದ 1 ಅಡಿ ಬಿಟ್ಟು, ತಲೆಯ ಕಡೆ 3 ಇಂಚು ಬಿಟ್ಟು ಹಾಕಿ. ಪೊರಕೆ ಆಡುತ್ತದೆ, ಗಾಳಿಯೂ ಆಡುತ್ತದೆ. ಆ ಒಂದಡಿಯ ಸಂದಿಯಲ್ಲಿ, ತಲೆಯ ಪಕ್ಕ ಸ್ವಂತ ಕಾಲಿರುವ ಪುಟ್ಟ ಮೂಲೆ ಸ್ಟ್ಯಾಂಡ್ ಇಡಿ. ನೀರಿನ ಚೊಂಬು, ಕನ್ನಡಕ, ಮೊಬೈಲಿಗೆ ಅಷ್ಟು ಸಾಕು.

ಮಂಚದ ಪೂರ್ವಕ್ಕೆ ಈಗ 4 ಅಡಿ ಉಳಿಯಿತು. ಕಪಾಟು ಹಾಲ್ ಗೋಡೆಗೆ ಬರಲಿ. ಎರಡೂ ಕಡೆ ಮನೆಯೇ ಇರುವ ಗೋಡೆ ಅದು, ಒಣಗಿರುತ್ತದೆ. ಆಳ 22 ಇಂಚು, ಉದ್ದ 4 ಅಡಿ. ಮುಂದೆ 26 ಇಂಚು ಓಡಾಟಕ್ಕೆ ಸಿಗುತ್ತದೆ, ಆದರೆ ಸರಿಯುವ ಬಾಗಿಲೇ ಹಾಕಿಸಿ. ಎಳೆಯುವ ಬಾಗಿಲಾದರೆ ತೆರೆದಾಗ ಓಡಾಟದ ಜಾಗಕ್ಕೆ ಅಡ್ಡ ಬರುತ್ತದೆ. ಹೊಸದು ಮಾಡಿಸುವುದಾದರೆ ಐಎಸ್ 710 ಮುದ್ರೆ ಇರುವ, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್ ಕೇಳಿ. ಕತ್ತರಿಸಿದ ಅಂಚುಗಳಿಗೆ, ಹಿಂಬದಿಗೆ ಕೂಡ ಪಾಲಿಶ್ ಅಥವಾ ಬಣ್ಣ ಬೇಕು. ಕಾಣದ ಹಿಂಬದಿಯನ್ನು ಹಾಗೇ ಬಿಡುವುದು ಬಡಗಿಗಳ ಅಭ್ಯಾಸ, ತೇವ ಹೊಕ್ಕುವುದೂ ಅಲ್ಲಿಂದಲೇ. ಕೆಳಗೆ 4 ಇಂಚಿನ ಕಾಲು ಇರಲಿ. ಉಪ್ಪುಗಾಳಿಗೆ ಸಾದಾ ಕಬ್ಬಿಣದ ಹಿಂಜು, ಸ್ಕ್ರೂ ಬೇಗ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಬಟ್ಟೆಯ ನಡುವೆ ಒಂದು ಹಿಡಿ ಲಾವಂಚ ಇಡಿ. ಅದು ತೇವ ಹೀರುವುದಿಲ್ಲ, ಆದರೆ ಮುಗ್ಗಲು ವಾಸನೆ ಮುಚ್ಚುತ್ತದೆ, ಮನಸ್ಸಿಗೂ ಹಿತ.

ಈಶಾನ್ಯ ಹಗುರ ಇರಬೇಕು ಅನ್ನುವವರು ನೀವಾಗಿದ್ದರೆ ಕಪಾಟನ್ನು ಮೂಲೆಯಿಂದ ಒಂದೂವರೆ ಅಡಿ ಈಚೆಗೇ ನಿಲ್ಲಿಸಿ. ಆ ಮೂಲೆಗೆ ತೆರೆದ ಹಲಗೆಗಳು ಚೆಂದ. ಇಲ್ಲೊಂದು ಲೆಕ್ಕ ಹೇಳಲೇಬೇಕು. ಮೂಲೆ ಹಲಗೆ ಅಂದ ಕೂಡಲೇ ಎಲ್ಲರೂ ತ್ರಿಕೋನ ಕತ್ತರಿಸುತ್ತಾರೆ. ಎರಡೂ ಗೋಡೆಗೆ ಒಂದೊಂದು ಅಡಿ ತಾಗುವ ತ್ರಿಕೋನದಲ್ಲಿ ಸಿಗುವುದು ಬರೀ ಅರ್ಧ ಚದರ ಅಡಿ. ಅದೇ ಅಳತೆಗೆ ಮುಂಭಾಗವನ್ನು ಕಾಲುಚಕ್ರದ ಹಾಗೆ ದುಂಡಗೆ ಕತ್ತರಿಸಿದರೆ ಮುಕ್ಕಾಲು ಚದರ ಅಡಿಗೂ ಸ್ವಲ್ಪ ಜಾಸ್ತಿ. ತ್ರಿಕೋನದ ಮೇಲೆ ಪುಸ್ತಕ ಇಟ್ಟರೆ ಅರ್ಧ ಹೊರಗೆ ಚಾಚಿರುತ್ತದೆ, ದುಂಡು ಹಲಗೆಯ ಮೇಲೆ ನೆಟ್ಟಗೆ ಕೂರುತ್ತದೆ. ಚಿರೆಕಲ್ಲಿಗೆ ಡ್ರಿಲ್ ಹಾಕುವಾಗ ಮಾತ್ರ ಎಚ್ಚರ. ಕಲ್ಲು ಮೆದು, ಪುಡಿ ಉದುರಿ ತೂತು ಅಗಲವಾಗುತ್ತದೆ. ಉದ್ದದ ಪ್ಲಗ್ ಬಳಸಿ, ಹಲಗೆಗೆ ಹಗುರ ವಸ್ತುಗಳನ್ನಷ್ಟೇ ಹೊರಿಸಿ.

ವಾಯವ್ಯ ಮೂಲೆಗೆ ಕಿಟಕಿಯ ಬೆಳಕಿದೆ. ಮಂಚದ ಕಾಲ ಬದಿ ಸುಮಾರು ಎರಡೂವರೆ ಅಡಿ ಉಳಿಯುತ್ತದೆ. ಅಡುಗೆಮನೆ ಗೋಡೆಗೆ 18 ಇಂಚಿನ ಮೇಜು ಹಾಕಿದರೆ ಮಂಚದ ತುದಿಯಲ್ಲೇ ಕೂತು ಬರೆಯಬಹುದು, ಕುರ್ಚಿಯ ಜಾಗ ಉಳಿಯಿತು. ಬಾಗಿಲ ಹಿಂದಿನ ಮೂಲೆಗೆ 5 ಇಂಚು ಆಳದ ಹಲಗೆ, ನಾಲ್ಕು ಕೊಕ್ಕೆ. ಸುರುಳಿ ಸುತ್ತಿದ ಚಾಪೆಯೂ ಅಲ್ಲೇ ನಿಲ್ಲಲಿ. ಒದ್ದೆ ಕೊಡೆ ಮಾತ್ರ ಕೋಣೆಯೊಳಗೆ ಬೇಡ.

ಪ್ರಶ್ನೆ: ಶಿರಸಿ ಹತ್ತಿರ ಹಳೆ ಹಂಚಿನ ಮನೆ. ಮೆತ್ತಿನ ಮೇಲೆ ಮಗಳಿಗೆ ಕೋಣೆ ಮಾಡುತ್ತಿದ್ದೇವೆ. ಮಾಡು ಇಳಿಜಾರಾಗಿ ಒಂದು ಬದಿಯ ಮೂಲೆಗಳು ಮೂರೇ ಅಡಿ ಎತ್ತರ. ಅಲ್ಲಿ ಏನಿಡಬಹುದು?

ಉತ್ತರ: ನಿಂತು ಮಾಡುವ ಕೆಲಸಕ್ಕೆ ಆ ಮೂಲೆ ಆಗುವುದಿಲ್ಲ, ಮಲಗಲು ಆಗುತ್ತದೆ. ಮಂಚದ ಕಾಲ ಬದಿಯನ್ನು ತಗ್ಗಿನ ಕಡೆಗೆ ಮಾಡಿ, ತಲೆ ಎತ್ತರದ ಕಡೆಗೆ. ಬೆಳಿಗ್ಗೆ ಎದ್ದು ಕೂರುವಾಗ ತಲೆ ಮಾಡಿನ ಮರದ ಪಕಾಸಿಗೆ ಬಡಿಯಬಾರದು. ಮಂಚ ಹಾಕುವ ಮೊದಲು ಅಲ್ಲೇ ಚಾಪೆ ಹಾಸಿ ಮಗಳನ್ನು ಒಮ್ಮೆ ಮಲಗಿಸಿ, ಎಬ್ಬಿಸಿ ನೋಡಿ. ಇನ್ನೊಂದು ತಗ್ಗು ಮೂಲೆಗೆ ಗಾಲಿ ಇರುವ ಪೆಟ್ಟಿಗೆಗಳು ಸರಿ. ಬೇಕಾದಾಗ ಎಳೆದರಾಯಿತು, ಬಗ್ಗಿ ಒಳಗೆ ನುಗ್ಗಬೇಕಿಲ್ಲ. ಓದುವ ಮೇಜು ಎತ್ತರದ ಬದಿಗೆ ಇರಲಿ. ಅದರ ನೇರಕ್ಕೆ ಎರಡು ಗಾಜಿನ ಹಂಚು ಹಾಕಿಸಿದರೆ ಹಗಲಿಗೆ ದೀಪ ಬೇಡ. ಪುಸ್ತಕದ ಕಪಾಟನ್ನು ಮಾತ್ರ ಒಂದು ಮಳೆಗಾಲ ಕಳೆದ ಮೇಲೆ ನಿಲ್ಲಿಸಿ. ಎಲ್ಲಿ ಸೋರುತ್ತದೆ ಅನ್ನುವುದು ಜುಲೈನಲ್ಲೇ ಗೊತ್ತಾಗುವುದು.

ಪ್ರಶ್ನೆ: ಕುಮಟಾದಲ್ಲಿ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮೂಲೆಗಳನ್ನು ಹೇಗೆ ಬಳಸಲಿ?

ಉತ್ತರ: ಗೋಡೆಗೆ ಒರಗುವ ಏಣಿ ಹಲಗೆ ತಗೊಳ್ಳಿ. ಮರದ್ದಾಗಿರಲಿ, ಕಬ್ಬಿಣದ್ದು ಬೇಡ. ಕಾಲಿಗೆ ರಬ್ಬರ್ ಬೂಟು ಹಾಕಿ, ಜಾರುವುದಿಲ್ಲ. ಭಾರದ್ದು ಕೆಳಗಿನ ಮೆಟ್ಟಿಲಿಗೆ, ಹಗುರದ್ದು ಮೇಲೆ. ಮನೆಯಲ್ಲಿ ಹತ್ತಿ ಆಡುವ ಮಕ್ಕಳಿದ್ದರೆ ಏಣಿ ಬೇಡವೇ ಬೇಡ, ಅಗಲ ಬುಡದ ಬೆತ್ತದ ಬುಟ್ಟಿಗಳನ್ನು ಒಳಗೋಡೆಯ ಮೂಲೆಗೆ ಇಡಿ. ಬೆತ್ತದೊಳಗೆ ಗಾಳಿ ಆಡುತ್ತದೆ. ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಗೆ ಹಸಿ ಬಟ್ಟೆ ತುಂಬಿದರೆ ಎರಡೇ ದಿನಕ್ಕೆ ವಾಸನೆ ಬರುತ್ತದೆ.