ಪ್ರವಾಸ ಪ್ರಶ್ನೋತ್ತರ: ಜನರಿಲ್ಲದ ಹೊತ್ತಿನ ಹಡಗು

ಪ್ರಶ್ನೆ: ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುತ್ತಿದೆ. ಸಿಂಗಪುರದಲ್ಲಿರುವ ಮಗ ಐಷಾರಾಮಿ ಕ್ರೂಸ್‌ನಲ್ಲಿ ಕಳುಹಿಸುತ್ತೇನೆ ಎನ್ನುತ್ತಿದ್ದಾನೆ. ಸಾಮಾನ್ಯ ಕ್ರೂಸಿಗಿಂತ ಬಹಳ ದುಬಾರಿಯಂತೆ. ನಿಮ್ಮಂಥ ಏಜೆಂಟರಿಗೆ ಕಂಪನಿಯವರೇ ಹಡಗನ್ನು ಸುತ್ತಿ ತೋರಿಸುತ್ತಾರೆಂದು ಕೇಳಿದ್ದೇನೆ. ಅಲ್ಲಿ ನೀವು ನಿಜಕ್ಕೂ ಏನನ್ನು ನೋಡುತ್ತೀರಿ? ಅಷ್ಟು ಹಣಕ್ಕೆ ಅದು ತಕ್ಕುದೇ? ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ.
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ತೋರಿಸುವುದು ನಿಜ ಮೇಡಂ, ಊಟವನ್ನೂ ಹಾಕುತ್ತಾರೆ. ಆ ಊಟದ ಋಣ ಈ ಉತ್ತರದಲ್ಲಿ ಸೇರದಂತೆ ನೋಡಿಕೊಳ್ಳುತ್ತೇನೆ.

ಹಡಗು ಹಳೆಯ ಪ್ರಯಾಣಿಕರನ್ನು ಇಳಿಸಿ ಹೊಸಬರನ್ನು ಹತ್ತಿಸಿಕೊಳ್ಳುವ ದಿನ, ನಡುವೆ ಸಿಗುವ ಕೆಲವೇ ಗಂಟೆಗಳಲ್ಲಿ ಸಾಮಾನ್ಯವಾಗಿ ನಮ್ಮನ್ನು ಒಳಗೆ ಬಿಡುತ್ತಾರೆ. ಪಾಸ್‌ಪೋರ್ಟ್ ವಿವರವನ್ನು ಮುಂಚೆಯೇ ಕಳುಹಿಸಿರಬೇಕು. ಹಡಗಿನ ಬಾಗಿಲಲ್ಲಿ ಅದನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ಎದೆಗೊಂದು ಚೀಟಿ ಅಂಟಿಸಿ, ಇಪ್ಪತ್ತು ಮಂದಿಯನ್ನು ಒಂದು ಗುಂಪು ಮಾಡಿ ಮಹಡಿಯಿಂದ ಮಹಡಿಗೆ ಓಡಿಸುತ್ತಾರೆ. ಹೀಗಾಗಿ ನಮಗೆ ಕಾಣುವುದು ಮುಹೂರ್ತದ ಹಿಂದಿನ ದಿನದ ಕಲ್ಯಾಣ ಮಂಟಪದಂಥ ಹಡಗು: ಕುರ್ಚಿಗಳೆಲ್ಲ ಸಾಲಾಗಿರುತ್ತವೆ, ಊಟದ ಮನೆಯ ಬಾಗಿಲಲ್ಲಿ ನೂಕುನುಗ್ಗಲಿರುವುದಿಲ್ಲ.

ತೋರಿಸಲೆಂದೇ ಸಿದ್ಧಪಡಿಸಿದ ಕೊಠಡಿಯಲ್ಲಿ ಆರ್ಕಿಡ್ ಹೂವೂ ಐಸ್ ಬಕೆಟ್ಟಿನಲ್ಲಿ ಶಾಂಪೇನ್ ಬಾಟಲಿಯೂ ಇರುತ್ತವೆ. ಮೊದಮೊದಲು ನಾನೂ ಅವುಗಳದ್ದೇ ಫೋಟೊ ತೆಗೆದು ಗಿರಾಕಿಗಳಿಗೆ ಕಳುಹಿಸುತ್ತಿದ್ದೆ. ಈಗ ಪಕ್ಕದ ಕೊಠಡಿಯ ಬಾಗಿಲು ತೆರೆದಿದ್ದರೆ ಅಲ್ಲಿ ಇಣುಕುತ್ತೇನೆ. ಹಾಸಿಗೆಯ ಬಟ್ಟೆಗಳು ನೆಲದ ಮೇಲೆ ರಾಶಿಬಿದ್ದಿರುತ್ತವೆ; ಹುಡುಗನೊಬ್ಬ ಬಾಲ್ಕನಿಯ ಗಾಜಿಗೆ ಹಿಡಿದ ಉಪ್ಪಿನ ಕಲೆಯನ್ನು ಉಜ್ಜುತ್ತಿರುತ್ತಾನೆ. ಬಚ್ಚಲಿಗೆ ಹೋಗಿ, ಷವರಿನ ಕೆಳಗೆ ನಿಂತು, ತಲೆ ತೊಳೆಯುವವರಂತೆ ಮೊಣಕೈ ಎತ್ತಿ ಒಂದು ಸುತ್ತು ತಿರುಗುತ್ತೇನೆ. ಹಿಡಿದುಕೊಳ್ಳಲು ಸರಳಿದೆಯೇ, ಹೊಸ್ತಿಲು ಎಷ್ಟು ಎತ್ತರವಿದೆ ಎಂದು ನೋಡುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಕೊಠಡಿಯ ನೆತ್ತಿಯ ಮೇಲೆ ಏನಿದೆ ಎಂದೂ ಕೇಳುತ್ತೇನೆ, ಏಕೆಂದರೆ ಮೇಲೆ ಈಜುಕೊಳವಿದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ.

ಇನ್ನು ದರದ ಮಾತು. ಹಡಗಿನ ವಿವರಪತ್ರದಲ್ಲಿ ಗ್ರಾಸ್ ಟನ್ನೇಜ್ ಎಂಬ ಅಂಕಿಯಿರುತ್ತದೆ. ಹೆಸರಿನಲ್ಲಿ ಟನ್ ಇದ್ದರೂ ಅದು ತೂಕವಲ್ಲ, ಹಡಗಿನ ಒಳಾವರಣದ ಗಾತ್ರವನ್ನು ಆಧರಿಸಿದ ಅಳತೆ. ಕೊಠಡಿಗೆ ಇಬ್ಬರಂತೆ ಎಣಿಸಿದ ಪ್ರಯಾಣಿಕರ ಸಂಖ್ಯೆಯಿಂದ ಅದನ್ನು ಭಾಗಿಸಿದರೆ ತಲೆಗೆಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್ ಎಂಬ ದೊಡ್ಡ ಹಡಗಿನ ಟನ್ನೇಜ್ ಸುಮಾರು 1,50,000, ಪ್ರಯಾಣಿಕರು ಸುಮಾರು 3,350, ಭಾಗಿಸಿದರೆ 45. ಅದೇ ಸಿಂಗಪುರದಲ್ಲಿ 2017ರ ಜನವರಿಯಲ್ಲಿ ನಾಮಕರಣಗೊಂಡ ಐಷಾರಾಮಿ ಹಡಗು ಸೀಬೋರ್ನ್ ಎನ್‌ಕೋರ್‌ನದು ಸುಮಾರು 40,000, ಪ್ರಯಾಣಿಕರು ಸುಮಾರು 600. ಭಾಗಿಸಿದರೆ 67ರ ಹತ್ತಿರ. ಈ ಎರಡನೆಯದರಲ್ಲಿ ಕಿಟಕಿಯಿಲ್ಲದ ಕೊಠಡಿಯೇ ಇಲ್ಲ, ಎಲ್ಲವೂ ಬಾಲ್ಕನಿಯುಳ್ಳ ಸೂಟ್‌ಗಳು. ವಿಚಾರಣೆಗೆ ಉದ್ದನೆಯ ಕೌಂಟರಿನ ಮುಂದೆ ನಿಲ್ಲಬೇಕಿಲ್ಲ. ಕಾಫಿ ಕುಡಿಯುವ ಪಡಸಾಲೆಯಲ್ಲೇ ಕುಳಿತು ಮಾತನಾಡಬಹುದು. ನನ್ನ ಮಟ್ಟಿಗೆ ದುಬಾರಿ ಹಡಗಿನ ನಿಜವಾದ ಸುಖ ಎಲ್ಲಿಯೂ ಸರತಿ ಇಲ್ಲದಿರುವುದೇ. ಅಮೃತಶಿಲೆ, ದೀಪಗುಚ್ಛ ಎರಡು ದಿನಕ್ಕೆ ಹಳತಾಗುತ್ತವೆ.

ಆದರೆ ಇಂಥ ಹಡಗಿನ ದರದಲ್ಲಿ ಟಿಪ್ಸ್ ಜೊತೆಗೆ ಮದ್ಯವೂ ಸೇರಿರುತ್ತದೆ. ನೀವು ಕುಡಿಯದವರಾದರೆ ಪಕ್ಕದ ಮೇಜಿನವರ ವೈನಿಗೂ ಪಾಲು ಕೊಟ್ಟಂತೆಯೇ. ದೊಡ್ಡ ಹಡಗಿನಲ್ಲಿ ಮೊದಲ ದರ ಕಡಿಮೆ ಕಂಡರೂ ಟಿಪ್ಸ್, ಇಂಟರ್ನೆಟ್, ವಿಶೇಷ ರೆಸ್ಟೊರೆಂಟ್ ಇವೆಲ್ಲ ಆಮೇಲೆ ಬಿಲ್ಲಿಗೆ ಬರುತ್ತವೆ. ಎರಡೂ ಹಡಗುಗಳ ಒಟ್ಟು ಖರ್ಚನ್ನು ಬೇರೆಬೇರೆಯಾಗಿ ಕೂಡಿಸಿದ ಮೇಲೆಯೇ ಹೋಲಿಸಲು ಮಗನಿಗೆ ಹೇಳಿ.

ಊಟದ ವಿಷಯದಲ್ಲಿ ನಾನೊಮ್ಮೆ ಎಡವಿದ್ದೇನೆ. ಒಂದು ಹಡಗಿನಲ್ಲಿ ಏಜೆಂಟರಿಗೆ ಬಡಿಸಿದ ಸಸ್ಯಾಹಾರವನ್ನು ಮೆಚ್ಚಿ, ನಿಮ್ಮಂತೆಯೇ ಈರುಳ್ಳಿ ಬಿಟ್ಟ ಹಾಸನದ ದಂಪತಿಯನ್ನು ಅದರಲ್ಲಿ ಕಳುಹಿಸಿದ್ದೆ. ಏಳು ದಿನವೂ ಅವರಿಗೆ ಸಿಕ್ಕಿದ್ದು ಬೇಯಿಸಿದ ಆಲೂಗಡ್ಡೆ ಮತ್ತು ಅನ್ನ. ಅಂದಿನಿಂದ ಬಾಯಿಮಾತನ್ನು ನಂಬದೆ, ಬುಕಿಂಗ್ ಸಮಯದಲ್ಲೇ ಬರೆದು ಕೊಟ್ಟು, ಅಡುಗೆಮನೆಯಿಂದ ಲಿಖಿತ ಒಪ್ಪಿಗೆ ತರಿಸಿಕೊಳ್ಳುತ್ತೇನೆ. ಗೆಂಟಿಂಗ್ ಡ್ರೀಮ್‌ನಲ್ಲಿ ಭಾರತೀಯ ಪ್ರಯಾಣಿಕರು ಬಹಳವಿರುವುದರಿಂದ ಈರುಳ್ಳಿ, ಬೆಳ್ಳುಳ್ಳಿಯಿಲ್ಲದ ಜೈನ ಊಟದ ಅಭ್ಯಾಸ ಅಲ್ಲಿನವರಿಗಿದೆ. ನಾನಾಗಿದ್ದರೆ ನಿಮಗೆ ಅದರಲ್ಲೇ, ಹಡಗಿನ ನಡುಭಾಗದ ಬಾಲ್ಕನಿ ಕೊಠಡಿಯನ್ನು ಎರಡು ಮೂರು ರಾತ್ರಿಗೆ ಹಿಡಿಯುತ್ತಿದ್ದೆ. ಹಡಗಿನ ಓಲಾಟ ಅಲ್ಲಿ ಕಡಿಮೆ. ಮಗನಿಗೆ ಇನ್ನೂ ಖರ್ಚು ಮಾಡುವ ಆಸೆಯಿದ್ದರೆ, ಅದೇ ಹಡಗಿನಲ್ಲಿ ದಿ ಪ್ಯಾಲೇಸ್ ಎಂಬ ಪ್ರತ್ಯೇಕ ಸೂಟ್ ವಿಭಾಗವಿದೆ, ಊಟದ ಮನೆ, ಈಜುಕೊಳ ಬೇರೆಯೇ. ಸಿಂಗಪುರ ಬಿಟ್ಟು ಸಿಂಗಪುರಕ್ಕೇ ಮರಳುವುದರಿಂದ, ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶವಿರುವ ವೀಸಾ ಬೇಕೆಂಬುದನ್ನು ಮರೆಯಬೇಡಿ.

ಪ್ರಶ್ನೆ: ದುಬಾರಿ ಹಡಗಿಗೆ ಕಳುಹಿಸಿದರೆ ನಿಮಗೆ ಕಮಿಷನ್ ಹೆಚ್ಚೇ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಹೌದು. ಬಂದರು ಶುಲ್ಕ, ತೆರಿಗೆ ಬಿಟ್ಟು ಉಳಿದ ದರದ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಕಂಪನಿಯೇ ಕೊಡುತ್ತದೆ. ಆದ್ದರಿಂದ ಏಜೆಂಟ್ ದುಬಾರಿ ಹಡಗನ್ನೇ ಹೊಗಳಿದರೆ, ಕಾರಣವೇನೆಂದು ಅವರನ್ನೇ ಕೇಳಿ.

ಪ್ರಶ್ನೆ: ನವಮಂಗಳೂರು ಬಂದರಿಗೆ ಬರುವ ಕ್ರೂಸ್ ಹಡಗಿನ ಒಳಗೆ ಹೋಗಿ ನೋಡಬಹುದೇ?
— ಓದುಗರು, ಸುರತ್ಕಲ್

ಉತ್ತರ: ಸಾರ್ವಜನಿಕರಿಗೆ ಅವಕಾಶವಿಲ್ಲ. 2004ರ ಜುಲೈಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಹಡಗು ಮತ್ತು ಬಂದರು ಭದ್ರತಾ ಸಂಹಿತೆಯಂತೆ, ಮೊದಲೇ ಅನುಮತಿ ಪಡೆದವರನ್ನು ಮಾತ್ರ ಹತ್ತಿಸಿಕೊಳ್ಳುತ್ತಾರೆ; ನಮ್ಮಂಥವರಿಗೂ ಕಂಪನಿಯ ಮೂಲಕವೇ ಪ್ರವೇಶ. ಪ್ರಯಾಣಿಕರನ್ನು ಕಾಣಬೇಕಾದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಕಾರ್ಕಳದ ಗೊಮ್ಮಟನ ಬೆಟ್ಟಕ್ಕೋ ಹೋಗಿ. ಬೆಳಿಗ್ಗೆ ಇಳಿದವರನ್ನು ಬಸ್ಸುಗಳಲ್ಲಿ ಅಲ್ಲಿಗೆ ಕರೆದೊಯ್ಯುವುದುಂಟು. ಸಂಜೆಯ ಹೊತ್ತಿಗೆ ಹಡಗು ಹೊರಡುತ್ತದೆ, ಪಣಂಬೂರು ಕಡಲತೀರದಲ್ಲಿ ನಿಂತರೆ ಅದು ಆಳಸಮುದ್ರದತ್ತ ಸಾಗುವುದು ಕಾಣುತ್ತದೆ.